ಕಮಾಂಡರ್ ಕೈಗೆ ಬಂದ ವಾಣಿಜ್ಯ ಖಾತೆ: ಇಂಡೊನೇಷ್ಯಾದ ಒಂದು ಪ್ರಕರಣ

ಈ ಪ್ರಕರಣದಲ್ಲಿ ವ್ಯಕ್ತಿಯ ಹೆಸರನ್ನು ಬೇಕಂತಲೇ ಬಿಟ್ಟಿದ್ದೇನೆ. ಇಂಡೊನೇಷ್ಯಾದ ಸುದ್ದಿ ಓದುವವರು ಅರ್ಧ ದಾರಿಯಲ್ಲೇ ಹಿಡಿದುಬಿಡುತ್ತಾರೆ, ಅದು ಗೊತ್ತು. ಆದರೆ ಹೆಸರು ಬಂದ ಕೂಡಲೇ ಮಾತು 'ಅವರು ಒಳ್ಳೆಯವರಾ, ಕೆಟ್ಟವರಾ' ಅನ್ನುವ ಕಡೆ ತಿರುಗುತ್ತದೆ. ನಾನು ನೋಡಲು ಹೊರಟಿರುವುದು ಬೇರೆ. ಸುಮಾರು 30 ವರ್ಷ ಸೈನ್ಯದಲ್ಲಿದ್ದ ಮನುಷ್ಯನ ಮೇಜಿಗೆ ವ್ಯಾಪಾರದ ಫೈಲು ಬಂದರೆ ಯಾವ ಕೆಲಸ ಚಕಚಕನೆ ಆಗುತ್ತದೆ, ಯಾವುದು ಕೈಕೊಡುತ್ತದೆ? ಅಷ್ಟೇ ಪ್ರಶ್ನೆ. ಇಲ್ಲಿ ಅವರನ್ನು 'ಜನರಲ್' ಅಂತ ಕರೆಯೋಣ.

ಹಿನ್ನೆಲೆ

ಜನರಲ್ ಹುಟ್ಟಿದ್ದು 1947ರಲ್ಲಿ, ಉತ್ತರ ಸುಮಾತ್ರಾದ ಟೋಬಾ ಸೀಮೆಯಲ್ಲಿ. ಬಾತಕ್ ಸಮುದಾಯದ ಕ್ರೈಸ್ತ ಕುಟುಂಬ. ಜಾವಾದವರೇ ಜಾಸ್ತಿ ಪ್ರಭಾವ ಇಟ್ಟುಕೊಂಡಿದ್ದ, ಮುಸ್ಲಿಮರು ಬಹುಸಂಖ್ಯಾತರಾಗಿರುವ ದೇಶದಲ್ಲಿ ಇದು ಸಣ್ಣ ವಿಷಯ ಅಲ್ಲ. 1970ರಲ್ಲಿ ಮಾಗೆಲಾಂಗ್‌ನ ಸೈನಿಕ ಅಕಾಡೆಮಿಯಿಂದ ಮೊದಲ ಸ್ಥಾನದಲ್ಲಿ ಪಾಸಾದರು. ಕಮಾಂಡೊ ಪಡೆ ಸೇರಿದರು. 1975ರ ಡಿಸೆಂಬರ್ 7ರಂದು ಪೂರ್ವ ಟಿಮೋರ್‌ನ ದಿಲಿ ನಗರದ ಮೇಲೆ ಪ್ಯಾರಾಚೂಟಿನಲ್ಲಿ ಇಳಿದವರಲ್ಲಿ ಇವರೂ ಒಬ್ಬರು. ಆ ಆಕ್ರಮಣ, ಅದರ ನಂತರದ 24 ವರ್ಷಗಳ ಆಳ್ವಿಕೆ ಎಷ್ಟು ಜೀವ ತಿಂದಿತು ಅನ್ನುವುದು ಬೇರೆಯೇ ಕಥೆ. ಈ ಬರಹದ ಚೌಕಟ್ಟಿನಲ್ಲಿ ಅದು ಹಿಡಿಯುವುದಿಲ್ಲ. ಹಾಗಂತ ಅದು ನಡೆದೇ ಇಲ್ಲ ಅನ್ನುವ ಹಾಗೆ ಮುಂದೆ ಹೋಗುವುದೂ ತಪ್ಪು.

1981ರಲ್ಲಿ ಗರುಡ ಕಂಪನಿಯ ವಿಮಾನವೊಂದನ್ನು ಅಪಹರಿಸಿ ಬ್ಯಾಂಕಾಕಿನ ಡಾನ್ ಮುಯಾಂಗ್ ನಿಲ್ದಾಣಕ್ಕೆ ಒಯ್ದರು. ಇಂಡೊನೇಷ್ಯಾದ ಕಮಾಂಡೊಗಳು ಅಲ್ಲಿಗೇ ಹೋಗಿ ಪ್ರಯಾಣಿಕರನ್ನು ಬಿಡಿಸಿದರು. ಅದಾದ ಮೇಲೆ ಸೈನ್ಯ ಒಂದು ಪ್ರತ್ಯೇಕ ಭಯೋತ್ಪಾದನಾ ವಿರೋಧಿ ದಳ ಕಟ್ಟಿತು. ಅದರ ಮೊದಲ ಕಮಾಂಡರ್ ನಮ್ಮ ಜನರಲ್. ಅವರ ಕೈಕೆಳಗೆ ಉಪ ಕಮಾಂಡರ್ ಆಗಿದ್ದ ಅಧಿಕಾರಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತಾರೆ. ಇಬ್ಬರೂ ಜರ್ಮನಿಗೆ ಹೋಗಿ ಅಲ್ಲಿನ ವಿಶೇಷ ಪೊಲೀಸ್ ದಳದಲ್ಲಿ ತರಬೇತಿ ಪಡೆದು ಬಂದರು.

ಇಲ್ಲಿಂದ ಇಬ್ಬರ ದಾರಿ ಬೇರೆಯಾಯಿತು. ಉಪ ಕಮಾಂಡರ್ ಅಧ್ಯಕ್ಷ ಸುಹಾರ್ತೊ ಅವರ ಅಳಿಯನಾದರು. 1995ರಲ್ಲಿ ಇಡೀ ಕಮಾಂಡೊ ಪಡೆಯ ಮುಖ್ಯಸ್ಥರಾದರು. ಜನರಲ್‌ಗೆ ಆ ಕುರ್ಚಿ ಸಿಗಲಿಲ್ಲ. ಪಡೆ ನಡೆಸುವ ದೊಡ್ಡ ಹುದ್ದೆಗಳ ಬದಲು ತರಬೇತಿ ಕೇಂದ್ರಗಳ ಕಡೆ ಸರಿದರು. ಓದಿನಲ್ಲಿ ಮೊದಲಿಗರು, ಆದರೆ ಬಡ್ತಿಯ ಸಾಲಿನಲ್ಲಿ ಹಿಂದೆ. ಎಲ್ಲ ಇಲಾಖೆಗಳಲ್ಲೂ ನಾವು ನೋಡುವ ಕಥೆಯೇ, ಅಲ್ವಾ? ನನ್ನ ಲೆಕ್ಕದಲ್ಲಿ ಈ ಪ್ರಕರಣದ ಮೊದಲ ತಿರುವು ಇದು. ಸೈನ್ಯದಲ್ಲಿ ಹೋಗಬೇಕಾದಷ್ಟು ಮೇಲೆ ಹೋಗಿದ್ದರೆ ಅವರು ವ್ಯಾಪಾರದ ಕಡೆ ಬರುತ್ತಲೇ ಇರಲಿಲ್ಲವೇನೋ.

ಸಿಂಗಪುರದ ಬಾಗಿಲು

1997ರ ಏಷ್ಯಾ ಬಿಕ್ಕಟ್ಟು ಇಂಡೊನೇಷ್ಯಾವನ್ನು ಮಕಾಡೆ ಕೆಡವಿತ್ತು. ಡಾಲರಿಗೆ ಸುಮಾರು 2,400 ಇದ್ದ ರುಪಿಯಾ 1998ರಲ್ಲಿ 16,000 ದಾಟಿತು. ಆ ಒಂದೇ ವರ್ಷ ಆರ್ಥಿಕತೆ 13%ರಷ್ಟು ಕುಗ್ಗಿತು. ಮೇ ತಿಂಗಳಲ್ಲಿ ಜಕಾರ್ತಾ ಹೊತ್ತಿ ಉರಿಯಿತು, ಚೀನೀ ಮೂಲದವರ ಅಂಗಡಿಗಳನ್ನು ದೋಚಿದರು. ಮೇ 21ಕ್ಕೆ ಸುಹಾರ್ತೊ ರಾಜೀನಾಮೆ ಕೊಟ್ಟರು. ಚೀನೀ ಮೂಲದ ವ್ಯಾಪಾರಿಗಳು ದುಡ್ಡಿನ ಸಮೇತ ಸಿಂಗಪುರಕ್ಕೆ ಹೋಗಿಬಿಟ್ಟರು.

ಸುಹಾರ್ತೊ ಜಾಗಕ್ಕೆ ಬಂದ ಹಬೀಬಿ ಅವರಿಗೂ ಸಿಂಗಪುರಕ್ಕೂ ಸರಿಹೋಗುತ್ತಿರಲಿಲ್ಲ. ಭೂಪಟದಲ್ಲಿ ಸಿಂಗಪುರ ಬರೀ ಒಂದು ಕೆಂಪು ಚುಕ್ಕಿ ಅನ್ನುವ ಅರ್ಥದ ಅವರ ಮಾತು 1998ರಲ್ಲಿ ಪತ್ರಿಕೆಯಲ್ಲಿ ಬಂದು ದೊಡ್ಡ ಸುದ್ದಿಯಾಗಿತ್ತು. ಸಿಂಗಪುರದವರು ಆಮೇಲೆ ಅದೇ ಬಿರುದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದರು, ಅದು ಬೇರೆ ಮಾತು. ಇಂಥ ಹೊತ್ತಿನಲ್ಲಿ, 1999ರಲ್ಲಿ, ಹಬೀಬಿ ಅವರು ಜನರಲ್‌ರನ್ನು ಅಲ್ಲಿಗೆ ರಾಯಭಾರಿಯಾಗಿ ಕಳಿಸಿದರು.

ಕಾಗದದ ಮೇಲೆ ಇದು ರಾಜತಾಂತ್ರಿಕ ಹುದ್ದೆ. ಆದರೆ ಆ ದಿನಗಳಲ್ಲಿ ಸಿಂಗಪುರದ ರಾಯಭಾರ ಕಚೇರಿಯ ನಿಜವಾದ ವಿಷಯ ದುಡ್ಡು. ಯಾರ ದುಡ್ಡು ಎಲ್ಲಿದೆ, ಯಾರು ವಾಪಸ್ ಬರುತ್ತಾರೆ, ಬರಬೇಕಾದರೆ ಏನು ಭರವಸೆ ಕೇಳುತ್ತಾರೆ ಅನ್ನುವುದೇ ಅಲ್ಲಿನ ಮಾತು. ಬಂಡವಾಳದ ಭಾಷೆ ಕಲಿಯಲು ಸೈನ್ಯಾಧಿಕಾರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಸಿಗುತ್ತಿರಲಿಲ್ಲ.

ಸಮಸ್ಯೆ: ಖಾತೆ ಇದೆ, ಕೈ ಕಟ್ಟಿದೆ

1999ರ ಕೊನೆಗೆ ಅಬ್ದುರ್ರಹ್ಮಾನ್ ವಾಹಿದ್ ಅಧ್ಯಕ್ಷರಾದರು. 2000ದಲ್ಲಿ ಜನರಲ್‌ರನ್ನು ಸಂಪುಟಕ್ಕೆ ಕರೆದರು. ಖಾತೆ ಕೈಗಾರಿಕೆ ಮತ್ತು ವಾಣಿಜ್ಯ. ಆಗ ಎರಡೂ ಒಂದೇ ಇಲಾಖೆ, 2004ರಲ್ಲಷ್ಟೇ ಬೇರೆಯಾದವು.

ಆ ಹೊತ್ತಿಗೆ ಸೈನ್ಯದವರನ್ನು ಸರ್ಕಾರದ ಹುದ್ದೆಗಳಲ್ಲಿ ತುಂಬುವ ಹಳೇ ಪದ್ಧತಿಯ ಮೇಲೆ ಜನ ಸಿಟ್ಟಾಗಿದ್ದರು. ಸೈನ್ಯ ತಾನೇ ಆ ಪದ್ಧತಿ ಬಿಡುವುದಾಗಿ ಹೇಳಿತ್ತು. ಹೀಗಿರುವಾಗ ನಿವೃತ್ತ ಜನರಲ್ ವಾಣಿಜ್ಯ ಸಚಿವ! ವಾಹಿದ್ ಅವರ ಲೆಕ್ಕ ಊಹಿಸಬಹುದು. ಸೈನ್ಯದ ಒಳಗಿನ ಸುಧಾರಣಾವಾದಿ ಅಧಿಕಾರಿಗಳ ಆಸರೆ ಅವರಿಗೆ ಬೇಕಿತ್ತು, ಸಿಂಗಪುರದ ಬಂಡವಾಳವೂ ಬೇಕಿತ್ತು.

ಆದರೆ ಸಚಿವರ ಕೈಗೆ ಬಂದದ್ದು ಏನು? ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಸಾಲದ ಷರತ್ತುಗಳು ಸುಂಕ ಎಷ್ಟಿರಬೇಕು, ಯಾವ ಏಕಸ್ವಾಮ್ಯ ಹೋಗಬೇಕು ಅಂತ ಆಗಲೇ ಬರೆದಿಟ್ಟಿದ್ದವು. ಸುಹಾರ್ತೊ ಮಗನ 'ರಾಷ್ಟ್ರೀಯ ಕಾರು' ಯೋಜನೆ ಜಪಾನ್, ಯುರೋಪ್, ಅಮೆರಿಕ ಹೂಡಿದ ದೂರಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಸೋತು ಹೋಗಿತ್ತು. ರಫ್ತು ಚೆನ್ನಾಗಿತ್ತು, 2000ದಲ್ಲಿ ಸುಮಾರು 62 ಬಿಲಿಯನ್ ಡಾಲರ್. ಅದರಲ್ಲಿ ಎಣ್ಣೆ ಬೆಲೆ, ಬಿದ್ದ ರುಪಿಯಾ ಇವೆರಡರ ಪಾಲು ದೊಡ್ಡದು, ಇಲಾಖೆಯದ್ದು ಕಡಿಮೆ.

ಆ ಅವಧಿಯ ಒಂದು ಘಟನೆಯನ್ನು ಹತ್ತಿರದಿಂದ ನೋಡೋಣ. ನಮ್ಮಲ್ಲಿ ಗೋಬಿ ಮಂಚೂರಿ ಗಾಡಿಯವರು ಟೇಸ್ಟಿಂಗ್ ಪೌಡರ್ ಅನ್ನುತ್ತಾರಲ್ಲ, ಆ ಅಜಿನೊಮೊಟೊ ಇಂಡೊನೇಷ್ಯಾದ ಅಡುಗೆಮನೆಗಳಲ್ಲಿ ಉಪ್ಪಿನಷ್ಟೇ ಸಾಮಾನ್ಯ. ಜಪಾನಿನ ಆ ಕಂಪನಿಗೆ ಪೂರ್ವ ಜಾವಾದ ಮೊಜೊಕೆರ್ತೊದಲ್ಲಿ ಕಾರ್ಖಾನೆ ಇದೆ. ಪುಡಿ ತಯಾರಾಗಲು ಬ್ಯಾಕ್ಟೀರಿಯಾ ಬೇಕು, ಬ್ಯಾಕ್ಟೀರಿಯಾಕ್ಕೆ ಆಹಾರ ಬೇಕು. ಆ ಆಹಾರ ತಯಾರಿಸುವಾಗ ಸೋಯಾವನ್ನು ಒಡೆಯಲು ಹಂದಿಯಿಂದ ತೆಗೆದ ಕಿಣ್ವ ಬಳಸಿದ್ದು ಗೊತ್ತಾಯಿತು. ಕೊನೆಗೆ ಸಿಗುವ ಪುಡಿಯಲ್ಲಿ ಹಂದಿಯ ಅಂಶ ಏನೂ ಇರಲಿಲ್ಲ. ಆದರೂ ಮುಸ್ಲಿಂ ಧರ್ಮಪಂಡಿತರ ಉಲೇಮಾ ಮಂಡಳಿ ಅದನ್ನು ಹರಾಮ್ ಅಂದಿತು. 2001ರ ಜನವರಿಯಲ್ಲಿ ಸಾವಿರಾರು ಟನ್ ಪುಡಿಯನ್ನು ಅಂಗಡಿಗಳಿಂದ ವಾಪಸ್ ತರಿಸಬೇಕಾಯಿತು. ಜಪಾನಿನ ಅಧಿಕಾರಿಗಳೂ ಸೇರಿ ಕಂಪನಿಯ ಕೆಲವರನ್ನು ಪೊಲೀಸರು ಹಿಡಿದರು. ಇತ್ತ ಅಧ್ಯಕ್ಷ ವಾಹಿದ್, ಅವರು ಸ್ವತಃ ದೊಡ್ಡ ಧರ್ಮಪಂಡಿತರು, 'ಇದು ಹಲಾಲ್, ತಿನ್ನಬಹುದು' ಅಂದುಬಿಟ್ಟರು.

ಈಗ ವಾಣಿಜ್ಯ ಸಚಿವರ ಕುರ್ಚಿಯಲ್ಲಿ ಕೂತು ಯೋಚಿಸಿ. ಉಲೇಮಾ ಮಂಡಳಿ ಒಂದು ಕಡೆ, ಪೊಲೀಸರು ಒಂದು ಕಡೆ, ಸ್ವಂತ ಅಧ್ಯಕ್ಷರು ಇನ್ನೊಂದು ಕಡೆ, ದೇಶದ ದೊಡ್ಡ ಹೂಡಿಕೆದಾರ ಜಪಾನ್ ಮತ್ತೊಂದು ಕಡೆ. ಇವರಲ್ಲಿ ಒಬ್ಬರೂ ಸಚಿವರ ಆದೇಶ ಕೇಳುವವರಲ್ಲ. ಭಯೋತ್ಪಾದನಾ ವಿರೋಧಿ ದಳದಲ್ಲಿ ಕಲಿತ ಯಾವ ವಿದ್ಯೆಯೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಗಲಾಟೆ ತಣ್ಣಗಾಗಿದ್ದು ಕಂಪನಿ ತನ್ನ ಬ್ಯಾಕ್ಟೀರಿಯಾದ ಆಹಾರ ಬದಲಾಯಿಸಿ, ಹೊಸದಾಗಿ ಹಲಾಲ್ ಪತ್ರ ಪಡೆದ ಮೇಲೆ.

2001ರ ಜುಲೈ 23ರಂದು ವಾಹಿದ್ ಸಂಸತ್ತು ವಿಸರ್ಜಿಸಲು ಆದೇಶ ಹೊರಡಿಸಿದರು. ಸೈನ್ಯ ಕೇಳಲಿಲ್ಲ. ಅದೇ ದಿನ ಅವರನ್ನು ಕೆಳಗಿಳಿಸಿದರು. ಅವರ ಜಾಗಕ್ಕೆ ಅಧ್ಯಕ್ಷೆಯಾಗಿ ಬಂದ ಮೆಗಾವತಿ ಅವರ ಸಂಪುಟದಲ್ಲಿ ವಾಣಿಜ್ಯ ಖಾತೆ ದೊಡ್ಡ ಮೋಟಾರ್ ಕಂಪನಿಯೊಂದರ ಮಾಜಿ ಮುಖ್ಯಸ್ಥೆಗೆ ಹೋಯಿತು. ಸಚಿವರಾಗಿ ಜನರಲ್ ಹೇಳಿಕೊಳ್ಳುವಂಥ ದೊಡ್ಡ ಗುರುತು ಬಿಡಲಿಲ್ಲ, ಬಿಡುವಷ್ಟು ಕಾಲವೂ ಸಿಗಲಿಲ್ಲ.

ನಡುವಿನ ಹದಿಮೂರು ವರ್ಷ

ಪ್ರಕರಣ ಇಲ್ಲಿಗೇ ಮುಗಿದಿದ್ದರೆ ಬರೆಯುವ ಅಗತ್ಯ ಇರಲಿಲ್ಲ. 2004ರಲ್ಲಿ ಜನರಲ್ ಸ್ವಂತ ಕಂಪನಿ ಗುಂಪು ಕಟ್ಟಿದರು. ಕಲ್ಲಿದ್ದಲು, ವಿದ್ಯುತ್, ತೋಟಗಾರಿಕೆ. ಅರಣ್ಯದ ಮರವೂ ಇತ್ತು. ಆ ಮರಕ್ಕೆ ಗಿರಾಕಿ ಹುಡುಕುವಾಗ ಮಧ್ಯ ಜಾವಾದ ಸೋಲೊ ನಗರದ ಪೀಠೋಪಕರಣ ವ್ಯಾಪಾರಿ ಕುಟುಂಬವೊಂದರ ಜೊತೆ ಪಾಲುದಾರಿಕೆ ಆಯಿತು. ಆ ಕುಟುಂಬದ ಯಜಮಾನ ಆಗ ಸೋಲೊದ ಮೇಯರ್. 2014ರಲ್ಲಿ ಅವರೇ ಅಧ್ಯಕ್ಷರಾದರು: ಜೋಕೊ ವಿಡೋಡೊ, ಜನರ ಬಾಯಲ್ಲಿ ಜೋಕೋವಿ.

ಆ ಚುನಾವಣೆಯಲ್ಲಿ ಜೋಕೋವಿಗೆ ಎದುರು ನಿಂತವರು ಯಾರು ಗೊತ್ತಾ? ಹಳೇ ಉಪ ಕಮಾಂಡರ್. ಜನರಲ್ ಇದ್ದ ಗೋಲ್ಕರ್ ಪಕ್ಷ ಉಪ ಕಮಾಂಡರ್ ಪರ ನಿಂತಿತು. ಜನರಲ್ ಪಕ್ಷದ ಮಾತು ಮೀರಿ ಮರದ ವ್ಯಾಪಾರಿಯ ಕಡೆ ಹೋದರು. ಎರಡನೇ ತಿರುವು ಇದು, ಮೊದಲಿನದಕ್ಕಿಂತ ದೊಡ್ಡದು. ಸಚಿವ ಪದವಿ ಕೊಡದಿದ್ದುದನ್ನು ಒಂದು ವ್ಯಾಪಾರದ ನಂಟು ಕೊಟ್ಟಿತು.

ಅಲ್ಲಿಂದ ಹತ್ತು ವರ್ಷ ಅವರು ಅಧಿಕಾರದ ನಡುಮನೆಯಲ್ಲೇ ಇದ್ದರು. ಮೊದಲು ಅಧ್ಯಕ್ಷರ ಸಿಬ್ಬಂದಿ ಮುಖ್ಯಸ್ಥ, 2015ರಲ್ಲಿ ರಾಜಕೀಯ ಮತ್ತು ಭದ್ರತೆಯ ಸಮನ್ವಯ ಸಚಿವ, 2016ರಿಂದ ಸಾಗರ ವ್ಯವಹಾರಗಳ ಸಮನ್ವಯ ಸಚಿವ. 2019ರಲ್ಲಿ ಅದಕ್ಕೆ ಹೂಡಿಕೆಯನ್ನೂ ಸೇರಿಸಿದರು. ಕೋವಿಡ್ ನಿರ್ಬಂಧ, ಜಕಾರ್ತಾ–ಬಾಂಡುಂಗ್ ಬುಲೆಟ್ ರೈಲು, ಎಲ್ಲಿ ಸಿಕ್ಕು ಬಿತ್ತೋ ಅಲ್ಲಿ ಇವರು. 'ಎಲ್ಲ ವಿಷಯಗಳ ಮಂತ್ರಿ' ಅಂತ ಜನ ತಮಾಷೆ ಮಾಡುತ್ತಿದ್ದರು. ಹೆಸರಿಗೆ ವಾಣಿಜ್ಯ ಸಚಿವ ಬೇರೆಯವರೇ. ಆದರೆ ದೊಡ್ಡ ವ್ಯಾಪಾರ ನಿರ್ಧಾರಗಳ ಹಗ್ಗ ಬಹಳ ಸಲ ಇವರ ಕೈಯಲ್ಲಿತ್ತು.

ಆದೇಶ ನಡೆದ ಕಡೆ: ನಿಕ್ಕಲ್

ಕಚ್ಚಾ ಅದಿರು ಹೊರಗೆ ಹೋಗಬಾರದು, ಇಲ್ಲೇ ಕರಗಿಸಬೇಕು ಅನ್ನುವ ಕಾನೂನು ಇಂಡೊನೇಷ್ಯಾದಲ್ಲಿ 2009ರಲ್ಲೇ ಬಂದಿತ್ತು. 2014ರಲ್ಲಿ ನಿಷೇಧ ಜಾರಿಯಾಯಿತು, 2017ರಲ್ಲಿ ಸಡಿಲವಾಯಿತು. 2022ಕ್ಕೆ ಪೂರ್ತಿ ನಿಲ್ಲಿಸುವುದು ಅಂತ ಇತ್ತು. 2019ರಲ್ಲಿ ಸರ್ಕಾರ ಆ ದಿನಾಂಕವನ್ನು ಎರಡು ವರ್ಷ ಹಿಂದಕ್ಕೆ ಎಳೆದು 2020ರ ಜನವರಿ 1ಕ್ಕೆ ತಂದಿತು. ಇದರ ಹಿಂದಿನ ದೊಡ್ಡ ದನಿ ಜನರಲ್ ಅವರದೇ. ಸುದ್ದಿ ಹೊರಬಿದ್ದ ಕೂಡಲೇ ಸಿಕ್ಕಷ್ಟು ಅದಿರು ಸಾಗಿಸಲು ಹಡಗುಗಳು ಮುಗಿಬಿದ್ದವು. ಅಕ್ಟೋಬರ್ ಕೊನೆಗೆ ರಫ್ತನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಪರಿಶೀಲಿಸಿ, ಮತ್ತೆ ಬಿಟ್ಟು, ಕೊನೆಗೆ ಜನವರಿಯಲ್ಲಿ ಬೀಗ ಹಾಕಿದರು.

ಇದು ಕಮಾಂಡರ್ ಶೈಲಿಗೆ ಹೇಳಿ ಮಾಡಿಸಿದ ಕೆಲಸ. ಅದಿರು ಹೋಗುವುದು ಬಂದರಿನ ಮೂಲಕ. ಬಂದರು ಮುಚ್ಚಿದರೆ ಮುಗಿಯಿತು. ಸುಲವೇಸಿಯ ಮೊರೊವಾಲಿಯಲ್ಲಿ, ಹಾಲ್ಮಹೇರಾದ ವೆಡಾ ಬೇಯಲ್ಲಿ ಚೀನಾದ ಕಂಪನಿಗಳು ಕುಲುಮೆಗಳ ಸಾಲನ್ನೇ ಕಟ್ಟಿದವು. ಸರ್ಕಾರದ ಲೆಕ್ಕದಲ್ಲಿ 2022ರ ಹೊತ್ತಿಗೆ ನಿಕ್ಕಲ್ ಉತ್ಪನ್ನಗಳ ರಫ್ತು 30 ಬಿಲಿಯನ್ ಡಾಲರ್ ದಾಟಿತ್ತು. ಇವತ್ತು ಜಗತ್ತಿನ ಗಣಿಗಳಿಂದ ಬರುವ ನಿಕ್ಕಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಇಂಡೊನೇಷ್ಯಾದ್ದು. ಯುರೋಪ್ ಒಕ್ಕೂಟ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು 2022ರ ನವೆಂಬರಿನಲ್ಲಿ ಗೆದ್ದಿತು. ಇಂಡೊನೇಷ್ಯಾ ಮೇಲ್ಮನವಿ ಹಾಕಿತು. ಮೇಲ್ಮನವಿ ಕೇಳುವ ಪೀಠದಲ್ಲಿ 2019ರ ಕೊನೆಯಿಂದ ಕೆಲಸ ನಡೆಸುವಷ್ಟು ಸದಸ್ಯರೇ ಇಲ್ಲ! ತೀರ್ಪು ಅಲ್ಲೇ ನೇತಾಡುತ್ತಿದೆ, ಕುಲುಮೆಗಳು ಉರಿಯುತ್ತಿವೆ.

ಕರ್ನಾಟಕದವರಿಗೆ ಇದು ತೀರಾ ಅಪರಿಚಿತ ವಿಷಯ ಅಲ್ಲ. 2010ರಲ್ಲಿ ನಮ್ಮ ರಾಜ್ಯವೂ ಬಂದರುಗಳಿಂದ ಕಬ್ಬಿಣದ ಅದಿರು ರಫ್ತು ನಿಲ್ಲಿಸಿತ್ತು. ಆದರೆ ಇಲ್ಲಿನ ಗುರಿ ಅಕ್ರಮ ಗಣಿಗಾರಿಕೆ ತಡೆಯುವುದು, ಕಾರ್ಖಾನೆ ತರಿಸುವುದಲ್ಲ.

ಹಾಗಾದರೆ ಇದು ಗೆಲುವಾ? ನನಗೆ ಅರ್ಧ ಗೆಲುವು ಅನ್ನಿಸುತ್ತದೆ. ರಫ್ತು ನಿಂತ ಮೇಲೆ ಗಣಿಯವರು ಅದಿರನ್ನು ಒಳಗಿನ ಕುಲುಮೆಗಳಿಗೇ ಮಾರಬೇಕು. ಕುಲುಮೆಯವರು ಹೇಳಿದ್ದೇ ಬೆಲೆ. 2020ರಲ್ಲಿ ಸರ್ಕಾರ ಅದಿರಿಗೆ ಕನಿಷ್ಠ ಬೆಲೆಯ ಸೂತ್ರ ತರಬೇಕಾಯಿತು. ತೆರಿಗೆ ರಜೆ ಪಡೆದ ಕುಲುಮೆಗಳ ಲಾಭದಲ್ಲಿ ಎಷ್ಟು ದೇಶದಲ್ಲಿ ಉಳಿಯುತ್ತದೆ ಅಂತ ಅಲ್ಲಿನ ಅರ್ಥಶಾಸ್ತ್ರಜ್ಞರೇ ಕೇಳುತ್ತಾ ಬಂದಿದ್ದಾರೆ. ಕುಲುಮೆಗಳಿಗೆ ಕರೆಂಟು ಬರುವುದು ಪಕ್ಕದಲ್ಲೇ ಕಟ್ಟಿದ ಕಲ್ಲಿದ್ದಲು ಸ್ಥಾವರಗಳಿಂದ. 2023ರ ಡಿಸೆಂಬರ್ 24ರಂದು ಮೊರೊವಾಲಿಯ ಒಂದು ಕುಲುಮೆಯಲ್ಲಿ ದುರಸ್ತಿ ನಡೆಯುವಾಗ ಸ್ಫೋಟವಾಗಿ 21 ಜನ ಸತ್ತರು. ಗೇಟು ಮುಚ್ಚುವ ಆದೇಶಕ್ಕೆ ಒಂದು ಸಹಿ ಸಾಕು. ಗೇಟಿನ ಒಳಗೆ ಸುರಕ್ಷತೆ ನೋಡಿಕೊಳ್ಳಲು ದಿನಾ ಇನ್‌ಸ್ಪೆಕ್ಟರ್‌ಗಳು ಬೇಕು.

ಆದೇಶ ಜಾರಿದ ಕಡೆ: ಅಡುಗೆ ಎಣ್ಣೆ

2022ರ ಆರಂಭದಲ್ಲಿ ಜಗತ್ತಿನಲ್ಲೇ ಜಾಸ್ತಿ ತಾಳೆ ಎಣ್ಣೆ ತೆಗೆಯುವ ದೇಶದಲ್ಲಿ ಅಡುಗೆ ಎಣ್ಣೆ ಸಿಗದಂತಾಯಿತು. ಹೊರಗೆ ಬೆಲೆ ಏರಿದ್ದರಿಂದ ಎಣ್ಣೆ ರಫ್ತಿನ ಕಡೆ ಓಡುತ್ತಿತ್ತು. ವಾಣಿಜ್ಯ ಇಲಾಖೆ ಪ್ಯಾಕೆಟ್ ಎಣ್ಣೆಗೆ ಲೀಟರಿಗೆ 14,000 ರುಪಿಯಾ ಮಿತಿ ಹಾಕಿತು. ಅಂಗಡಿಗಳ ಕಪಾಟು ಖಾಲಿ. ಮಾರ್ಚ್‌ನಲ್ಲಿ ಮಿತಿ ತೆಗೆದರು. ಎಣ್ಣೆ ವಾಪಸ್ ಬಂತು, ಬೆಲೆ ಎಲ್ಲಿಗೋ ಹೋಗಿತ್ತು. ಏಪ್ರಿಲ್‌ನಲ್ಲಿ ವಾಣಿಜ್ಯ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರನ್ನೇ ರಫ್ತು ಪರವಾನಗಿ ಪ್ರಕರಣದಲ್ಲಿ ಆರೋಪಿ ಮಾಡಿದರು. ಏಪ್ರಿಲ್ 28ಕ್ಕೆ ಅಧ್ಯಕ್ಷರು ರಫ್ತನ್ನೇ ನಿಲ್ಲಿಸಿದರು.

ನಿಕ್ಕಲ್‌ಗೆ ಹಾಕಿದ ಅದೇ ಬೀಗ. ಆದರೆ ನಿಕ್ಕಲ್ ಅದಿರು ನೆಲದಲ್ಲಿ ಬಿದ್ದಿದ್ದರೆ ಕೆಡುವುದಿಲ್ಲ. ತಾಳೆ ಗೊನೆ ಕೊಯ್ದ ಮೇಲೆ ಒಂದೆರಡು ದಿನದಲ್ಲಿ ಗಿರಣಿ ಸೇರಬೇಕು, ಇಲ್ಲದಿದ್ದರೆ ಎಣ್ಣೆ ಕೆಡುತ್ತದೆ. ಗಿರಣಿಗಳ ಟ್ಯಾಂಕ್ ತುಂಬಿತು, ರೈತರ ಗೊನೆಗೆ ಬೆಲೆ ಕುಸಿಯಿತು, ಸಣ್ಣ ರೈತರು ಜಕಾರ್ತಾಕ್ಕೆ ಬಂದು ಪ್ರತಿಭಟಿಸಿದರು. ಮೇ 23ಕ್ಕೆ ನಿಷೇಧ ವಾಪಸ್. ಅತ್ತ ಭಾರತ ತಾಳೆ ಎಣ್ಣೆಯ ದೊಡ್ಡ ಗಿರಾಕಿ. ಮಂಗಳೂರು ಬಂದರಿಗೂ ಆಮದು ಎಣ್ಣೆ ಬರುತ್ತದೆ. ಆ ಬೇಸಿಗೆಯಲ್ಲಿ ಬಜ್ಜಿ ಅಂಗಡಿಯವರಿಗೂ ಬೇಕರಿಯವರಿಗೂ ಎಣ್ಣೆ ಡಬ್ಬದ ಬೆಲೆ ಕೇಳಿ ತಲೆ ಬಿಸಿಯಾಗಿದ್ದು ನಿಮಗೂ ನೆನಪಿರಬಹುದು.

ಈ ಗೋಜಲನ್ನು ಬಿಡಿಸಲು ಅಧ್ಯಕ್ಷರು ಕರೆದದ್ದು ಜನರಲ್‌ರನ್ನೇ. ಅವರು ಹಿಡಿದ ದಾರಿ ನೋಡಿ. ತಾಳೆ ಕಂಪನಿಗಳೆಲ್ಲದರ ಲೆಕ್ಕ ತಪಾಸಣೆ ಅಂದರು. ತುಂಬಿದ ಟ್ಯಾಂಕ್ ಖಾಲಿ ಮಾಡಲು ರಫ್ತಿಗೆ ವೇಗ ಕೊಟ್ಟರು. ಚಿಲ್ಲರೆ ಎಣ್ಣೆಗೆ ಮಾತ್ರ ಕೋವಿಡ್ ಕಾಲದ ಆ್ಯಪ್ ತಂದರು. ಆ್ಯಪ್ ತೋರಿಸಿ, ಇಲ್ಲವೇ ಗುರುತಿನ ಚೀಟಿ ತೋರಿಸಿ, ದಿನಕ್ಕೆ 10 ಕೆಜಿವರೆಗೆ ಲೀಟರಿಗೆ 14,000 ರುಪಿಯಾ ದರದಲ್ಲಿ ಎಣ್ಣೆ ಒಯ್ಯಿರಿ ಅಂತ. ಟ್ಯಾಂಕ್ ಖಾಲಿ ಮಾಡುವ ಕೆಲಸ ಅರ್ಥವಾಗುತ್ತದೆ. ಆದರೆ ಸಂತೆಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಎಣ್ಣೆ ಸುರಿದು ಗಂಟು ಹಾಕಿ ಕೊಡುವವಳು ಗಿರಾಕಿಯ ಫೋನ್ ಸ್ಕ್ಯಾನ್ ಮಾಡುತ್ತಾ ನಿಲ್ಲಬೇಕಾ? ಟೀಕೆ ಜೋರಾಯಿತು, ಆ್ಯಪ್ ನಿಯಮಕ್ಕೆ ಕೊಟ್ಟಿದ್ದ ಪರಿಚಯದ ಅವಧಿಯನ್ನು ಮುಂದಕ್ಕೆ ಹಾಕಿದರು. ಆಮೇಲೆ ಬೆಲೆ ಇಳಿಯಿತು. ಅದರಲ್ಲಿ ಜಗತ್ತಿನ ಮಾರುಕಟ್ಟೆ ಬಿದ್ದದ್ದರ ಪಾಲೂ ದೊಡ್ಡದಿತ್ತು. ಜೂನ್‌ನಲ್ಲಿ ವಾಣಿಜ್ಯ ಸಚಿವರು ಬದಲಾದರು. ಜನರಲ್ ಕುರ್ಚಿ ಅಲುಗಲಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಮನುಷ್ಯನದ್ದಲ್ಲ ಅಂತ ಗೊತ್ತಾಗುತ್ತದೆ. ಅದೇ ವ್ಯಕ್ತಿ, ಅದೇ ಧೈರ್ಯ, ಅದೇ ವೇಗ. ಒಂದು ಕಡೆ ಕೆಲವೇ ಬಂದರು, ಕೆಲವೇ ಕಂಪನಿ, ಕೆಡದ ಸರಕು. ಇನ್ನೊಂದು ಕಡೆ ಲಕ್ಷಾಂತರ ರೈತರು, ಲೆಕ್ಕವಿಲ್ಲದಷ್ಟು ಚಿಲ್ಲರೆ ಅಂಗಡಿ, ಒಂದೆರಡು ದಿನದಲ್ಲಿ ಕೆಡುವ ಸರಕು. ತರಬೇತಿಗೆ ಈ ಪ್ರಕರಣ ಬಳಸುವವರು ಶಿಸ್ತು, ನಾಯಕತ್ವ ಅಂತ ಭಾಷಣ ಮಾಡುವ ಬದಲು ಈ ಎರಡು ಫೈಲುಗಳನ್ನೇ ಹರಡಿಟ್ಟರೆ ಸಾಕು.

ಕೇಳದೆ ಉಳಿದ ಪ್ರಶ್ನೆ

ಇನ್ನೊಂದು ಎಳೆ ಇದೆ. ಕಲ್ಲಿದ್ದಲು ವ್ಯವಹಾರದ ಗುಂಪು ಕಟ್ಟಿದ ವ್ಯಕ್ತಿಯೇ ಗಣಿ, ಇಂಧನ, ಹೂಡಿಕೆಯ ಮೇಲೆ ಮಾತು ನಡೆಯುವ ಸ್ಥಾನದಲ್ಲಿ ಕೂತಿದ್ದರು. 2021ರಲ್ಲಿ ಇಬ್ಬರು ಮಾನವ ಹಕ್ಕು ಹೋರಾಟಗಾರರು ಪಪುವಾದ ಗಣಿಗಾರಿಕೆಯ ಜೊತೆ ಅವರ ಹೆಸರು ಸೇರಿಸಿ ವಿಡಿಯೊದಲ್ಲಿ ಮಾತಾಡಿದರು. ಜನರಲ್ ಆರೋಪ ಅಲ್ಲಗಳೆದು ಮಾನಹಾನಿ ದೂರು ಕೊಟ್ಟರು. ಕೇಸು ಎರಡು ವರ್ಷಕ್ಕೂ ಹೆಚ್ಚು ಎಳೆಯಿತು. 2024ರ ಜನವರಿಯಲ್ಲಿ ಪೂರ್ವ ಜಕಾರ್ತಾ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿತು.

ಆರೋಪ ನಿಜವೋ ಸುಳ್ಳೋ ಅನ್ನುವುದಕ್ಕಿಂತ ನನಗೆ ಕಾಣುವುದು ಇದು. ಸಚಿವರ ಹಿತಾಸಕ್ತಿ ಎಲ್ಲೆಲ್ಲಿದೆ ಅಂತ ಕೇಳುವ ಕೆಲಸ ಸಂಸತ್ತಿನದ್ದು, ಲೆಕ್ಕ ಪರಿಶೋಧಕರದ್ದು. ಅದು ವಿಡಿಯೊ ಮಾಡುವವರ ಹೆಗಲಿಗೆ ಬಿತ್ತು. ಕೇಳಿದವರು ಕಟಕಟೆ ಹತ್ತಿದರು. ಸೈನ್ಯದಲ್ಲಿ ಮೇಲಿನವರನ್ನು ಕೆಳಗಿನವರು ಪ್ರಶ್ನಿಸುವುದಿಲ್ಲ. ಸರ್ಕಾರದಲ್ಲಿ ಪ್ರಶ್ನಿಸಬೇಕು, ಅದಕ್ಕೊಂದು ಜಾಗ ಇರಬೇಕು.

ಈಗ

2024ರ ಚುನಾವಣೆಯಲ್ಲಿ ಹಳೇ ಉಪ ಕಮಾಂಡರ್ ಗೆದ್ದು ಅಧ್ಯಕ್ಷರಾದರು. ಅಕ್ಟೋಬರಿನಲ್ಲಿ ಜನರಲ್‌ರನ್ನು ರಾಷ್ಟ್ರೀಯ ಆರ್ಥಿಕ ಮಂಡಳಿಯ ಅಧ್ಯಕ್ಷರನ್ನಾಗಿ ನೇಮಿಸಿದರು. ಮಂಡಳಿ ಸಲಹೆ ಕೊಡಬಹುದು, ಆದೇಶ ಕೊಡಲಾರದು. 2025ರ ಮಾರ್ಚ್‌ನಲ್ಲಿ ಸಂಸತ್ತು ಸೈನ್ಯದ ಕಾನೂನಿಗೆ ತಿದ್ದುಪಡಿ ತಂದು, ಸೇವೆಯಲ್ಲಿರುವ ಅಧಿಕಾರಿಗಳು ಕೂರಬಹುದಾದ ಸರ್ಕಾರಿ ಸಂಸ್ಥೆಗಳ ಸಂಖ್ಯೆಯನ್ನು 14ಕ್ಕೆ ಏರಿಸಿತು. ವಿದ್ಯಾರ್ಥಿಗಳು ಬೀದಿಗಿಳಿದರು. ಅದರ ಮರುತಿಂಗಳು ಅಮೆರಿಕ ಇಂಡೊನೇಷ್ಯಾದ ಸರಕಿನ ಮೇಲೆ 32% ಸುಂಕ ಘೋಷಿಸಿತು. ವಾಷಿಂಗ್ಟನ್ ಜೊತೆ ಮಾತುಕತೆಗೆ ಹೋದ ತಂಡದ ಮುಂದಾಳು ಆರ್ಥಿಕ ಸಮನ್ವಯ ಸಚಿವರು. ಜುಲೈನಲ್ಲಿ ಸುಂಕ 19%ಕ್ಕೆ ಇಳಿಯಿತು. ಆ ಮಾತುಕತೆಯಲ್ಲಿ ಜನರಲ್ ಸಲಹೆಗಾರರಷ್ಟೇ, ಸಹಿ ಅವರದ್ದಲ್ಲ.